ಹಾಸನಾಂಬೆಯ ದೂರದ ನೆಂಟರು

ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಒಂದು ಪಟ್ಟಿ ತಪ್ಪದೆ ಇರುತ್ತದೆ. ಎಡಗಡೆ ನಮ್ಮ ದೇವರು, ಬಲಗಡೆ ಗ್ರೀಕರ ದೇವರು. ಇಂದ್ರನ ಎದುರಿಗೆ ಜೀಯಸ್, ವರುಣನ ಎದುರಿಗೆ ಪೊಸೈಡನ್, ಯಮನಿಗೆ ಹೇಡೀಸ್, ಕಾಮನಿಗೆ ಇರೋಸ್. ರಸಪ್ರಶ್ನೆಗೆ ತಯಾರಾಗುವ ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ದೊಡ್ಡವರು ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡು ‘ನೋಡಿ, ಎಲ್ಲ ಒಂದೇ’ ಎಂದು ಖುಷಿಪಡುತ್ತಾರೆ. ಪಟ್ಟಿ ಪೂರ್ತಿ ಸುಳ್ಳೇನಲ್ಲ. ಆದರೆ ಅದನ್ನು ಹಿಡಿದುಕೊಂಡು ಬಾಳ್ಳುಪೇಟೆಯ ಆಸುಪಾಸಿನಲ್ಲಿ ಒಂದು ಸುತ್ತು ಬಂದರೆ ಮೊದಲ ಸಾಲೇ ಕೈಕೊಡುತ್ತದೆ.

ಬಾಳ್ಳುಪೇಟೆ ಇರುವುದು ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ, ಆಲೂರು ದಾಟಿದ ಮೇಲೆ, ಸಕಲೇಶಪುರ ಸಿಗುವ ಮೊದಲು. ಪೂರ್ವಕ್ಕೆ ಹೋದಷ್ಟೂ ಬಯಲು, ಪಶ್ಚಿಮಕ್ಕೆ ಹೋದಷ್ಟೂ ಘಟ್ಟ. ಮಾರನಹಳ್ಳಿ ಕಡೆ ಸುರಿಯುವ ಮಳೆಗೂ ಆಲೂರಿನ ಮಳೆಗೂ ಹೋಲಿಕೆಯೇ ಇಲ್ಲ. ಇಲ್ಲಿನ ಬದುಕಿನ ಲೆಕ್ಕವೆಲ್ಲ ಮಳೆಯ ಮೇಲೆ ನಿಂತಿದೆ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದರೆ ಕಾಫಿ ಗಿಡದಲ್ಲಿ ಹೂವು, ಆಮೇಲೆ ಇನ್ನೊಂದು ಮಳೆ ಬಿದ್ದರೆ ಕಾಯಿ, ಮುಂಗಾರು ಹಿಡಿದರೆ ಗದ್ದೆಗೆ ನಾಟಿ. ಗುಡುಗು, ಮಿಂಚು, ಮಳೆಗೆ ಒಡೆಯ ಇಂದ್ರ ಎಂಬುದು ನಿಜವಾದರೆ ಈ ಗುಡ್ಡಗಳಲ್ಲಿ ಊರಿಗೊಂದು ಇಂದ್ರನ ಗುಡಿ ಇರಬೇಕಿತ್ತು. ಈಶ್ವರನ ಗುಡಿ ಇದೆ, ಭೈರವನದ್ದಿದೆ, ಮಾರಮ್ಮ, ಚೌಡಮ್ಮ, ಕೆಂಚಮ್ಮ ಇದ್ದಾರೆ. ಇಂದ್ರನಿಗೆ ಹರಕೆ ಹೊತ್ತವರನ್ನು ಮಾತ್ರ ನಾನು ಕಂಡಿಲ್ಲ.

ಅವನನ್ನು ನೋಡಬೇಕೆಂದರೆ ಬೇಲೂರಿಗೋ ಹಳೇಬೀಡಿಗೋ ಹೋಗಿ ಕತ್ತೆತ್ತಬೇಕು. ಋಗ್ವೇದದ 1028 ಸೂಕ್ತಗಳಲ್ಲಿ ಸುಮಾರು ಕಾಲುಭಾಗ ಪಡೆದ ದೇವರು ಇವನು. ವಜ್ರಾಯುಧದಿಂದ ವೃತ್ರನನ್ನು ಕೊಂದು, ಅವನು ತಡೆದಿಟ್ಟಿದ್ದ ನೀರನ್ನು ಹರಿಯಬಿಟ್ಟವನು. ಹೊಯ್ಸಳರ ಕಾಲಕ್ಕೆ ಬರುವಷ್ಟರಲ್ಲಿ ಅವನಿಗೆ ಉಳಿದದ್ದು ದಿಕ್ಪಾಲಕನ ಉದ್ಯೋಗ. ಎಂಟು ದಿಕ್ಕಿನ ಎಂಟು ಜನರಲ್ಲಿ ಒಬ್ಬನಾಗಿ ಪೂರ್ವ ದಿಕ್ಕಿನಲ್ಲಿ ಐರಾವತದ ಮೇಲೆ ಕೂತಿರುತ್ತಾನೆ. 1121ರ ಸುಮಾರಿಗೆ ಶುರುವಾದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಅವನ ಸೋಲಿನ ಕಥೆಯೂ ಇದೆ: ಗೋವರ್ಧನಗಿರಿಯನ್ನು ಎತ್ತಿ ಹಿಡಿದ ಕೃಷ್ಣ, ಅದರಡಿಯಲ್ಲಿ ದನಕರು, ಗೊಲ್ಲರು. ಇಂದ್ರನಿಗೆ ಪೂಜೆ ಬೇಡ, ನಮ್ಮನ್ನು ಸಾಕುವ ಬೆಟ್ಟಕ್ಕೆ ಮಾಡಿ ಎಂದ ಹುಡುಗನ ಮೇಲೆ ಮಳೆ ಸುರಿಸಿದ ಇಂದ್ರ, ಕೊನೆಗೆ ಬಂದು ತಲೆಬಾಗಿದ.

ಗ್ರೀಕರಲ್ಲೂ ದೇವರಾಜನ ಪಾಲಿನ ಬಲಿಗೆ ಕೈಹಾಕಿದವನೊಬ್ಬನಿದ್ದಾನೆ, ಪ್ರೊಮಿಥಿಯಸ್. ಒಳ್ಳೆಯ ಮಾಂಸವನ್ನು ಮನುಷ್ಯರಿಗಿಟ್ಟು ಜೀಯಸ್‌ಗೆ ಕೊಬ್ಬು ಸುತ್ತಿದ ಮೂಳೆ ಕೊಟ್ಟ. ಆಮೇಲೆ ಬೆಂಕಿಯನ್ನೂ ಕದ್ದ. ಜೀಯಸ್ ಅವನನ್ನು ಬಂಡೆಗೆ ಬಿಗಿಸಿ ಹದ್ದಿನಿಂದ ಯಕೃತ್ತು ಕುಕ್ಕಿಸಿದ. ಅಲ್ಲಿ ರಾಜ ಗೆದ್ದ, ಇಲ್ಲಿ ರಾಜ ಸೋತ. ಕ್ರಿ.ಶ. 4ನೇ ಶತಮಾನದ ಕೊನೆಗೆ ರೋಮನ್ ಚಕ್ರವರ್ತಿ ಥಿಯೋಡೋಸಿಯಸ್ ಹಳೆಯ ಪೂಜೆಗಳನ್ನೆಲ್ಲ ನಿಷೇಧಿಸುವವರೆಗೂ ಜೀಯಸ್ ಗದ್ದುಗೆಯ ಮೇಲೆಯೇ ಇದ್ದ. ಅಥೆನ್ಸ್ ಪಕ್ಕದ ಹಿಮೆಟ್ಟಸ್ ಬೆಟ್ಟದ ಮೇಲೆ ಮಳೆ ಕೊಡುವ ಜೀಯಸ್‌ಗೆಂದೇ ಒಂದು ಬಲಿಪೀಠವಿತ್ತು. ಆಯುಧ ಒಂದೇ, ಕುರ್ಚಿಯೂ ಒಂದೇ. ಆದರೆ ಒಬ್ಬ ಕುರ್ಚಿಯಲ್ಲಿ ಉಳಿದ, ಇನ್ನೊಬ್ಬನಿಗೆ ಬಿರುದು ಮಾತ್ರ ಉಳಿಯಿತು. ಇಬ್ಬರನ್ನೂ ಒಂದೇ ಸಾಲಿನಲ್ಲಿ ಬರೆದರೆ ಈ ದೊಡ್ಡ ವ್ಯತ್ಯಾಸವೇ ಕಾಣದೆ ಹೋಗುತ್ತದೆ.

ಹಾಗಾದರೆ ಮಲೆನಾಡು ಮಳೆಯನ್ನು ಯಾರ ಹತ್ತಿರ ಕೇಳುತ್ತದೆ? ಶೃಂಗೇರಿ ಪಕ್ಕದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ಹತ್ತಿರ. ಬರ ಬಂದಾಗ ಮಳೆಗಾಗಿ, ಅತಿಯಾದಾಗ ನಿಲ್ಲಲೆಂದು ಅಲ್ಲಿ ಪೂಜೆ ನಡೆಯುತ್ತದೆ. ಈ ಋಷ್ಯಶೃಂಗನ ಕಥೆ ರಾಮಾಯಣದ ಬಾಲಕಾಂಡದಲ್ಲಿದೆ, ಭಾರತದ ವನಪರ್ವದಲ್ಲಿದೆ, ಬೌದ್ಧರ ಜಾತಕಗಳಲ್ಲೂ ಇದೆ. ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿ, ಹಣೆಯಲ್ಲಿ ಕೊಂಬು ಹೊತ್ತು, ಹೆಣ್ಣೆಂದರೇನೆಂದೇ ತಿಳಿಯದೆ ಕಾಡಿನಲ್ಲಿ ಬೆಳೆದ ಹುಡುಗ. ಅಂಗರಾಜ ರೋಮಪಾದನ ನಾಡಿಗೆ ಬರ ಬಂದಾಗ ವೇಶ್ಯೆಯರು ಹೋಗಿ ಮರುಳು ಮಾಡಿ ಅವನನ್ನು ಕರೆತಂದರು. ಅವನು ನಾಡಿನಲ್ಲಿ ಕಾಲಿಟ್ಟ ಕೂಡಲೇ ಮಳೆ ಬಿತ್ತು.

ಇವನ ಜೋಡಿಯನ್ನು ಗ್ರೀಸಿನಲ್ಲಿ ಹುಡುಕಬೇಕಿಲ್ಲ. ಇರಾಕಿನ ಮಣ್ಣಿನ ಹಲಗೆಗಳಲ್ಲಿ ಸಿಕ್ಕ ಗಿಲ್ಗಮೆಶ್ ಮಹಾಕಾವ್ಯದಲ್ಲಿ ಎಂಕಿಡು ಎಂಬ ಕಾಡು ಮನುಷ್ಯನಿದ್ದಾನೆ. ಮೈತುಂಬ ಕೂದಲು, ಜಿಂಕೆಗಳ ಜೊತೆ ಹುಲ್ಲು ಮೇಯುತ್ತಾನೆ, ಅವುಗಳ ಜೊತೆಯೇ ನೀರು ಕುಡಿಯುತ್ತಾನೆ. ಶಮ್ಹತ್ ಎಂಬ ವೇಶ್ಯೆಯನ್ನು ಕಳಿಸಿ ಅವನನ್ನು ಒಲಿಸಿಕೊಳ್ಳುತ್ತಾರೆ. ಆಮೇಲೆ ಮೃಗಗಳು ಅವನನ್ನು ಕಂಡರೆ ಓಡುತ್ತವೆ. ಅವನು ಊರುಕ್ ಪಟ್ಟಣ ಸೇರುತ್ತಾನೆ. ಎರಡೂ ಕಥೆಗಳ ನಂಟಿನ ಬಗ್ಗೆ ವಿದ್ವಾಂಸರು ಬಹಳ ಕಾಲದಿಂದ ಬರೆದಿದ್ದಾರೆ. ನನಗೆ ಹೋಲಿಕೆಗಿಂತ ಹೆಚ್ಚು ರುಚಿಸುವುದು ಅದು ಮುರಿಯುವ ಜಾಗ. ಎಂಕಿಡುವಿನ ಕಥೆಯಲ್ಲಿ ಮಳೆಯ ಮಾತೇ ಇಲ್ಲ. ಊರುಕ್ ಯೂಫ್ರೆಟಿಸ್ ನದಿಯ ಕಾಲುವೆ ನೀರಿನ ಊರು, ಅಲ್ಲಿ ಬೆಳೆ ಮುಗಿಲನ್ನು ನಂಬಿರಲಿಲ್ಲ. ಮುಗಿಲನ್ನು ನಂಬಿದ ನಾಡಿಗೆ ಬಂದಾಗ ಕಾಡು ಹುಡುಗ ಮಳೆ ತರುವವನಾದ. ಇನ್ನೂ ಒಂದು: ಎಂಕಿಡು ಸಾಯುವಾಗ ತನ್ನನ್ನು ನಾಡಿಗೆ ಕರೆತಂದ ಹೆಣ್ಣನ್ನು ಶಪಿಸುತ್ತಾನೆ. ಋಷ್ಯಶೃಂಗ ರಾಜಕುಮಾರಿ ಶಾಂತೆಯನ್ನು ಮದುವೆಯಾಗುತ್ತಾನೆ. ಮಲೆನಾಡು ಅವನನ್ನು ಅಷ್ಟಕ್ಕೂ ಬಿಡದೆ ಗುಡಿಯೊಳಗೆ ಕೂರಿಸಿತು.

ದೇವರುಗಳನ್ನು ಹೀಗೆ ಜೋಡಿ ಮಾಡುವ ಚಟ ಹಳೆಯದು. ಕ್ರಿ.ಪೂ. 300ರ ಹೊತ್ತಿಗೆ ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದ ಮೆಗಸ್ತನೀಸ್ ಮಥುರೆಯ ಶೂರಸೇನರು ಹೆರಾಕ್ಲಿಸ್‌ನನ್ನು ಪೂಜಿಸುತ್ತಾರೆ ಎಂದು ಬರೆದ. ಅವನು ಕಂಡದ್ದು ಕೃಷ್ಣನನ್ನು ಎಂಬುದು ಬಹುಮಂದಿಯ ಅಭಿಪ್ರಾಯ. ಸೀಸರ್ ಗಾಲ್ ದೇಶಕ್ಕೆ ದಂಡೆತ್ತಿ ಹೋದಾಗ ಅಲ್ಲಿನವರ ದೊಡ್ಡ ದೇವರು ಮರ್ಕ್ಯುರಿ ಎಂದು ಬರೆದುಕೊಂಡ. ಆ ಜನ ತಮ್ಮ ದೇವರನ್ನು ಏನೆಂದು ಕರೆಯುತ್ತಾರೆಂದು ಹೇಳಲೇ ಇಲ್ಲ. ಗೆಲ್ಲಲು ಬಂದವರಿಗೂ ರಾಯಭಾರಕ್ಕೆ ಬಂದವರಿಗೂ ಇದು ಸಲೀಸು; ಹೊಸದನ್ನು ತಿಳಿಯುವ ಕಷ್ಟವಿಲ್ಲ.

ಈ ಚಟದ ಒಂದು ಉದಾಹರಣೆ ನಮ್ಮ ಕರಾವಳಿಗೂ ಅಂಟಿಕೊಂಡಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ 413ನೇ ಸಂಖ್ಯೆಯ ಪಪೈರಸ್ಸಿನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಚಾರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದ ಒಂದು ದೇವಿಯ ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅವಳ ಅಣ್ಣ ಬಂದು ಅಲ್ಲಿನ ರಾಜನಿಗೂ ಪರಿವಾರಕ್ಕೂ ಹೆಂಡ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ಅದರಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡ ಎಂದು 1904ರಲ್ಲಿ ವಿದ್ವಾಂಸ ಹುಲ್ಷ್ ಸೂಚಿಸಿದರು. ಶಾಮಶಾಸ್ತ್ರಿ, ಗೋವಿಂದ ಪೈ ಅದನ್ನು ಮುಂದುವರಿಸಿದರು. ಒಪ್ಪದವರೂ ಇದ್ದಾರೆ. ಆ ಚರ್ಚೆಯ ಗದ್ದಲದಲ್ಲಿ ನಾವು ಗಮನಿಸದ ಸಂಗತಿಯೊಂದಿದೆ: ಆ ಗುಡಿಯ ದೇವಿಯ ಹೆಸರು ಪ್ರಹಸನದಲ್ಲಿ ಸೆಲೀನಿ, ಅಂದರೆ ಗ್ರೀಕರ ಚಂದ್ರದೇವತೆ. ಜನರ ಮಾತನ್ನು ತಮಾಷೆಗಾದರೂ ಹಾಗೇ ಉಳಿಸಿಕೊಂಡ ನಾಟಕಕಾರ ದೇವಿಯ ಹೆಸರನ್ನು ಉಳಿಸಿಕೊಳ್ಳಲಿಲ್ಲ.

ಇಂದಿನ ಪಟ್ಟಿಗಳ ಅಜ್ಜ ಎನ್ನಬಹುದಾದವರು ಸರ್ ವಿಲಿಯಂ ಜೋನ್ಸ್. ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ಅವರು 1784ರಲ್ಲಿ ಗ್ರೀಸ್, ಇಟಲಿ ಮತ್ತು ಭಾರತದ ದೇವತೆಗಳ ಬಗ್ಗೆ ಒಂದು ಪ್ರಬಂಧ ಬರೆದರು. ಗಣೇಶನಿಗೆ ರೋಮಿನ ಜೇನಸ್, ರಾಮನಿಗೆ ಡಯೊನೈಸಸ್, ಕೃಷ್ಣನಿಗೆ ಅಪೊಲೊ. ಗಣೇಶ–ಜೇನಸ್ ಜೋಡಿಯಲ್ಲಿ ಸ್ವಲ್ಪ ಹುರುಳಿದೆ. ಇಬ್ಬರಿಗೂ ಮೊದಲ ಪೂಜೆ, ಇಬ್ಬರಿಗೂ ಬಾಗಿಲಿನ ನಂಟು. ರಾಮ–ಡಯೊನೈಸಸ್ ಜೋಡಿಯನ್ನು ನಮ್ಮ ರಾಮನವಮಿಯ ಪಾನಕವೂ ಕಾಪಾಡಲಾರದು. ಆ ದೇವರು ಕುಡಿಸುತ್ತಿದ್ದುದು ದ್ರಾಕ್ಷಾರಸ.

ನಿಜವಾದ ರಕ್ತಸಂಬಂಧ ಇಲ್ಲವೆಂದಲ್ಲ. ವೇದದ ದ್ಯೌಃ ಮತ್ತು ಗ್ರೀಕರ ಜೀಯಸ್, ನಮ್ಮ ಉಷಸ್ ಮತ್ತು ಅವರ ಈಯೊಸ್ ಒಂದೇ ಬೇರಿನವರು. ಇದರಲ್ಲಿ ಭಾಷಾವಿಜ್ಞಾನಿಗಳಿಗೆ ಅನುಮಾನವಿಲ್ಲ. ಟರ್ಕಿಯ ಬೊಗಜ್‌ಕೊಯ್‌ನಲ್ಲಿ ಹ್ಯೂಗೊ ವಿಂಕ್ಲರ್ 1906–07ರಲ್ಲಿ ತೆಗೆಸಿದ ಮಣ್ಣಿನ ಹಲಗೆಗಳಲ್ಲಿ, ಕ್ರಿ.ಪೂ. 14ನೇ ಶತಮಾನದ ಒಂದು ಒಪ್ಪಂದಕ್ಕೆ ಮಿತ್ರ, ವರುಣ, ಇಂದ್ರ, ನಾಸತ್ಯರನ್ನು ಸಾಕ್ಷಿ ಕರೆದಿದ್ದಾರೆ. ಆದರೆ ಗಮನಿಸಿ, ರಕ್ತಸಂಬಂಧದಲ್ಲಿ ಜೀಯಸ್‌ನ ಜೋಡಿ ದ್ಯೌಃ, ಇಂದ್ರನಲ್ಲ. ಆ ದ್ಯೌಃ ಋಗ್ವೇದದಲ್ಲೇ ಮುದಿಯಾಗಿ ಮೂಲೆ ಸೇರಿದ್ದಾನೆ.

ಹಿಂದಿನ ಭಾರತೀಯರು ಈ ಜೋಡಿಯನ್ನು ಹೇಗೆ ಮಾಡಿಕೊಂಡರು ಎಂಬುದಕ್ಕೆ ಗೋಡೆಯ ಕ್ಯಾಲೆಂಡರೇ ಸಾಕ್ಷಿ. ಏಳು ದಿನಗಳ ವಾರ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಯವನ ಜ್ಯೋತಿಷದ ಜೊತೆ ಬಂತು. ಮಧ್ಯಪ್ರದೇಶದ ಎರಣ್‌ನ ಕ್ರಿ.ಶ. 484ರ ಶಾಸನದಲ್ಲಿ ಗುರುವಾರದ ಉಲ್ಲೇಖವಿದೆ. ಆಗ ಜೀಯಸ್‌ನ ಗ್ರಹವನ್ನು ಇಂದ್ರನಿಗೆ ಕೊಡಬಹುದಿತ್ತು. ಕೊಡಲಿಲ್ಲ, ಪುರೋಹಿತ ಬೃಹಸ್ಪತಿಗೆ ಕೊಟ್ಟರು. ಪ್ರೇಮದೇವತೆ ಅಫ್ರೊಡೈಟಿಯ ಗ್ರಹ ರಾಕ್ಷಸರ ಗುರು ಶುಕ್ರಾಚಾರ್ಯರ ಪಾಲಾಯಿತು. ಒಕ್ಕಣ್ಣಿನ ಆ ಮುನಿಯನ್ನು ಅಫ್ರೊಡೈಟಿಯ ಪಕ್ಕ ನಿಲ್ಲಿಸಿ ನೋಡಿ, ನಮ್ಮ ಹಿರಿಯರು ಪಟ್ಟಿಯ ದಾಸರಾಗಿರಲಿಲ್ಲ ಎಂಬುದು ತಿಳಿಯುತ್ತದೆ.

ದೇವರುಗಳು ನಿಜವಾಗಿ ಒಬ್ಬರನ್ನೊಬ್ಬರು ಮುಟ್ಟಿದ ಗುರುತುಗಳು ಬೇರೆ ಕಡೆ ಇವೆ. ಹಳೇಬೀಡಿನ ನಂದಿಯ ಹಿಂದೆ ಸೂರ್ಯನ ದೊಡ್ಡ ವಿಗ್ರಹವಿದೆ. ದಕ್ಷಿಣದ ಸೂರ್ಯ ಸಾಮಾನ್ಯವಾಗಿ ಬರಿಗಾಲಿನವನು. ಉತ್ತರದ ಸೂರ್ಯನಿಗೆ ಮೊಣಕಾಲುದ್ದದ ಬೂಟು! ಕುಷಾಣರ ಕಾಲದ ಮಥುರೆಯಲ್ಲಿ ಅವನು ಮಧ್ಯ ಏಷ್ಯಾದ ಸವಾರನ ಉಡುಪಿನಲ್ಲಿದ್ದಾನೆ. ಆರನೇ ಶತಮಾನದ ವರಾಹಮಿಹಿರನೂ ಸೂರ್ಯನಿಗೆ ಉತ್ತರದವರ ವೇಷ ಇರಬೇಕೆಂದು ವಿಧಿಸಿದ. ಇರಾನಿನ ಮಿತ್ರಪೂಜೆಯ ಗಾಳಿ ಬೀಸಿದ್ದಕ್ಕೆ ಆ ಬೂಟುಗಳೇ ಪುರಾವೆ. ನಮ್ಮ ಕಡೆಗೆ ಬರುವಾಗ ಅವನು ಅವನ್ನು ಬಾಗಿಲಲ್ಲೇ ಬಿಟ್ಟು ಬಂದ.

ಬೇಲೂರಿನಲ್ಲಿ ಚೆನ್ನಕೇಶವನ ಎದುರು ಕೈಮುಗಿದು ನಿಂತ ಗರುಡನನ್ನು ಕಂಡಾಗಲೆಲ್ಲ ನೆನಪಾಗುವುದು ವಿದಿಶಾ ಬಳಿಯ ಬೆಸನಗರದ ಗರುಡಗಂಬ. ಕ್ರಿ.ಪೂ. 113ರ ಸುಮಾರಿಗೆ ಅದನ್ನು ನಿಲ್ಲಿಸಿದವನು ತಕ್ಷಶಿಲೆಯ ಗ್ರೀಕ್ ರಾಜ ಆಂಟಿಯಾಲ್ಕಿಡಸ್‌ನ ರಾಯಭಾರಿ ಹೆಲಿಯೊಡೋರಸ್. ಶತಮಾನಗಳ ಕಾಲ ಸಿಂಧೂರದ ಪದರದಡಿ ಮುಚ್ಚಿಹೋಗಿದ್ದ ಆ ಕಂಬವನ್ನು ಊರಿನವರು ಖಾಂಬಾಬಾ ಎಂದು ಪೂಜಿಸುತ್ತಿದ್ದರು. 1909ರಲ್ಲಿ ಪದರ ತೆಗೆದಾಗ ಬರಹ ಕಂಡಿತು. ಅದರಲ್ಲಿ ಆ ಗ್ರೀಕ ತನ್ನನ್ನು ಭಾಗವತನೆಂದು ಹೇಳಿಕೊಂಡಿದ್ದಾನೆ, ಕಂಬವನ್ನು ದೇವದೇವ ವಾಸುದೇವನಿಗೆ ಅರ್ಪಿಸಿದ್ದಾನೆ. ಹೆರಾಕ್ಲಿಸ್ ಎನ್ನಲಿಲ್ಲ. ಮೆಗಸ್ತನೀಸನಿಗಿಂತ ಇವನು ಎಷ್ಟೋ ವಾಸಿ.

ಕನ್ನಡದಲ್ಲಿ ಈ ವಿದ್ಯೆ ಚೆನ್ನಾಗಿ ಗೊತ್ತಿದ್ದವರು ಬಿ.ಎಂ. ಶ್ರೀಕಂಠಯ್ಯನವರು. ಸೋಫೊಕ್ಲಿಸ್‌ನ ‘ಏಜಾಕ್ಸ್’ ನಾಟಕವನ್ನು ಅವರು 1929ರಲ್ಲಿ ‘ಅಶ್ವತ್ಥಾಮನ್’ ಮಾಡಿದಾಗ ನೋಡಿದ್ದು ಪದವಿಯನ್ನಲ್ಲ, ಪಾಡನ್ನು. ಮಾನ ಕಳೆದುಕೊಂಡ ವೀರ, ರಾತ್ರಿಯ ಕೊಲೆ, ಬೆಳಗಾದ ಮೇಲಿನ ನಾಚಿಕೆ ಇಬ್ಬರಲ್ಲೂ ಇವೆ. ಚಿರಂಜೀವಿಯನ್ನು ರಂಗದ ಮೇಲೆ ಸಾಯಿಸಿದರು ಎಂಬ ಆಕ್ಷೇಪ ಅವರ ಮೇಲೆ ಬಂತು. ಆದರೂ ಆ ಜೋಡಿ ನಿಂತಿದೆ. ದೇವರುಗಳ ವಿಚಾರದಲ್ಲೂ ಹೀಗೇ ನೋಡಬೇಕು ಎಂಬುದು ನನ್ನ ವಾದ. ಜನ ಆ ದೇವರ ಹತ್ತಿರ ಏನು ಕೇಳಲು ಹೋಗುತ್ತಾರೆ, ಯಾವ ದಿನ ಹೋಗುತ್ತಾರೆ, ಬಾಗಿಲು ತೆಗೆಯುವವರು ಯಾರು ಎಂಬುದನ್ನು ನೋಡಿದರೆ ಸಿಗುವ ಜೋಡಿಗಳೇ ಬೇರೆ.

ಹಾಸನಾಂಬೆಯನ್ನೇ ನೋಡೋಣ. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ಬಾಗಿಲು ತೆರೆಯುತ್ತದೆ. ಅರಸು ವಂಶಸ್ಥರು ಬಾಳೆ ಕಂದು ಕಡಿದ ಮೇಲೆಯೇ ಬೀಗ ತೆಗೆಯುವುದು. ಬಲಿಪಾಡ್ಯಮಿ ಮುಗಿದ ಮೇಲೆ ಮತ್ತೆ ಬೀಗ ಬಿದ್ದರೆ ಮುಂದಿನ ವರ್ಷದವರೆಗೆ ದರ್ಶನವಿಲ್ಲ. ಒಳಗೆ ಹಚ್ಚಿಟ್ಟ ದೀಪ ವರ್ಷವಿಡೀ ಉರಿಯುತ್ತಿರುತ್ತದೆ, ಮುಡಿಸಿದ ಹೂವು ಬಾಡುವುದಿಲ್ಲ ಎಂಬುದು ಭಕ್ತರ ನಂಬಿಕೆ. ಇಂಥದ್ದು ಜಗತ್ತಿನಲ್ಲಿ ಇದೊಂದೇ ಎಂದು ನಮ್ಮಲ್ಲಿ ಹೇಳುವುದುಂಟು.

ಕ್ರಿ.ಶ. 2ನೇ ಶತಮಾನದಲ್ಲಿ ಪೌಸೇನಿಯಸ್ ಎಂಬ ಗ್ರೀಕ್ ಯಾತ್ರಿಕ ತನ್ನ ದೇಶವನ್ನು ಊರೂರು ಸುತ್ತಿ, ಯಾವ ಗುಡಿಯಲ್ಲಿ ಏನಿದೆ ಎಂದು ಬರೆದಿಟ್ಟ. ಅವನ ಪುಸ್ತಕದಲ್ಲಿ ಹಾಸನಾಂಬೆಯ ನೆಂಟರು ಸಾಲುಸಾಲಾಗಿ ಸಿಗುತ್ತಾರೆ. ಫಿಗಾಲಿಯಾ ಊರಿನ ಹತ್ತಿರ ಯೂರಿನೊಮಿ ಎಂಬ ದೇವತೆಯ ಗುಡಿ ವರ್ಷಕ್ಕೆ ಒಂದೇ ದಿನ ತೆರೆಯುತ್ತಿತ್ತು. ಆ ಮೂರ್ತಿ ಸೊಂಟದವರೆಗೆ ಹೆಂಗಸು, ಕೆಳಗೆ ಮೀನು, ಮೈಗೆ ಚಿನ್ನದ ಸರಪಳಿ ಎಂದು ಅವನು ಕೇಳಿ ಬರೆದುಕೊಂಡ. ಅವನು ಹೋದಾಗ ಬಾಗಿಲು ಮುಚ್ಚಿತ್ತು, ಪಾಪ. ಎಲಿಸ್‌ನಲ್ಲಿ ಹೇಡೀಸ್‌ನ ಗುಡಿಯೂ ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತಿತ್ತು. ಅಥೆನ್ಸ್‌ನ ಜೌಗುನೆಲದ ಡಯೊನೈಸಸ್‌ನ ಗುಡಿಗೂ ಅದೇ ಕಟ್ಟಳೆ ಎಂದು ಅಲ್ಲಿನ ನ್ಯಾಯಾಲಯದ ಒಂದು ಭಾಷಣದಿಂದ ತಿಳಿಯುತ್ತದೆ. ದೀಪದ ಮಾತಿಗೆ ಬಂದರೆ, ಅಥೆನ್ಸಿನ ಕೋಟೆಯ ಮೇಲೆ ಅಥೀನಾ ದೇವಿಯ ಎದುರು ಕ್ಯಾಲಿಮೇಕಸ್ ಎಂಬ ಶಿಲ್ಪಿ ಮಾಡಿಕೊಟ್ಟ ಚಿನ್ನದ ದೀಪವಿತ್ತು. ಅದಕ್ಕೆ ಎಣ್ಣೆ ತುಂಬುತ್ತಿದ್ದುದು ವರ್ಷಕ್ಕೊಂದೇ ಸಲ, ಅದೂ ಗೊತ್ತಾದ ದಿನ. ಮುಂದಿನ ವರ್ಷದ ಅದೇ ದಿನದವರೆಗೆ ಹಗಲೂ ರಾತ್ರಿ ಉರಿಯುತ್ತಿತ್ತಂತೆ. ಬತ್ತಿ ಬೆಂಕಿ ಸುಡದ ನಾರಿನದು ಎಂದೂ ಪೌಸೇನಿಯಸ್ ಬರೆದಿದ್ದಾನೆ.

ಇಲ್ಲಿ ಯಾರು ಯಾರಿಂದ ಕಲಿತರು ಎಂದು ಕೇಳುವುದು ವ್ಯರ್ಥ. ಯಾರೂ ಯಾರಿಂದಲೂ ಕಲಿಯಬೇಕಿರಲಿಲ್ಲ. ಸದಾ ತೆರೆದ ಬಾಗಿಲಿಗಿಂತ ಮುಚ್ಚಿದ ಬಾಗಿಲಿಗೆ ಭಕ್ತಿ ಹೆಚ್ಚು ಎಂಬುದನ್ನು ಎರಡು ಕಡೆಯ ಜನ ತಾವಾಗಿಯೇ ಕಂಡುಕೊಂಡರು.

ಹಾಸನಾಂಬೆಯ ಗರ್ಭಗುಡಿಯಲ್ಲಿ ಇನ್ನೊಂದು ಕಥೆ ಇದೆ, ಸೊಸೆಕಲ್ಲಿನದು. ಮನೆಗೆಲಸ ಬಿಟ್ಟು ದಿನವೂ ದೇವಿಯ ದರ್ಶನಕ್ಕೆ ಬರುತ್ತಿದ್ದ ಸೊಸೆಯನ್ನು ಅತ್ತೆ ಹಿಂಬಾಲಿಸಿ ಬಂದು ತಲೆಗೆ ಹೊಡೆದಳು. ಸೊಸೆ ಅಮ್ಮಾ ಎಂದು ಕೂಗಿದಳು. ದೇವಿ ಅವಳನ್ನು ಕಲ್ಲಾಗಿಸಿ ತನ್ನ ಬಳಿಯೇ ಇರಿಸಿಕೊಂಡಳು. ಆ ಕಲ್ಲು ವರ್ಷ ವರ್ಷ ಭತ್ತದ ಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎನ್ನುತ್ತಾರೆ. ಕಲ್ಲಾದ ಹೆಣ್ಣು ಗ್ರೀಕರಲ್ಲೂ ಇದ್ದಾಳೆ. ನನಗೆಷ್ಟು ಮಕ್ಕಳು, ಲೀಟೊ ದೇವತೆಗೆ ಇಬ್ಬರೇ ಎಂದು ಜಂಭ ಕೊಚ್ಚಿದ ನಿಯೋಬಿಯ ಮಕ್ಕಳನ್ನೆಲ್ಲ ಅಪೊಲೊ ಮತ್ತು ಆರ್ಟಿಮಿಸ್ ಕೊಂದರು. ಅವಳು ಅಳುತ್ತಾ ಸಿಪಿಲಸ್ ಬೆಟ್ಟದಲ್ಲಿ ಬಂಡೆಯಾದಳು. ಪೌಸೇನಿಯಸ್ ಹತ್ತಿ ಹೋಗಿ ನೋಡಿ, ಹತ್ತಿರದಿಂದ ಬರೀ ಬಂಡೆ, ದೂರದಿಂದ ಅಳುವ ಹೆಂಗಸು ಎಂದು ಬರೆದ. ಅಲ್ಲಿ ಕಲ್ಲಾಗುವುದು ದೇವರ ಎದುರು ಸೊಕ್ಕಿದ್ದಕ್ಕೆ ಶಿಕ್ಷೆ. ಹಾಸನದಲ್ಲಿ ಅದು ಬಿಡುಗಡೆ. ಅತ್ತೆಮನೆಯಿಂದ ತಪ್ಪಿಸಿಕೊಂಡು ಅಮ್ಮನ ಮನೆ ಸೇರಿದಂತೆ. ಈ ಕಥೆಯನ್ನು ಕಟ್ಟಿದವರು ಹೆಂಗಸರೇ ಇರಬೇಕು ಎಂದು ನನಗೆ ಅನುಮಾನ.

ಹಾಸನಾಂಬೆ ಒಬ್ಬಳಲ್ಲ ಎಂಬುದೂ ಮುಖ್ಯ. ಸ್ಥಳಪುರಾಣದ ಪ್ರಕಾರ ಕಾಶಿಯಿಂದ ದಕ್ಷಿಣಕ್ಕೆ ಬಂದ ಸಪ್ತಮಾತೃಕೆಯರಲ್ಲಿ ವೈಷ್ಣವಿ, ಮಾಹೇಶ್ವರಿ, ಕೌಮಾರಿ ಹಾಸನದಲ್ಲಿ ಹುತ್ತದ ರೂಪದಲ್ಲಿ ನೆಲೆಸಿದರು. ಇಂದ್ರಾಣಿ, ವಾರಾಹಿ, ಚಾಮುಂಡಿ ದೇವಿಗೆರೆಯಲ್ಲಿ ನಿಂತರು. ಬ್ರಾಹ್ಮಿ ಬಂದದ್ದು ಬಾಳ್ಳುಪೇಟೆಯ ಕಡೆಗೆ, ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಗೆ. ಹೊಯ್ಸಳರ ಸಪ್ತಮಾತೃಕೆ ಫಲಕಗಳಲ್ಲಿ ಈ ಏಳು ಮಂದಿ ಒಂದೇ ಅಳತೆಯಲ್ಲಿ ಸಾಲಾಗಿ ಕೂತಿರುತ್ತಾರೆ. ಊರುಗಳಲ್ಲಿ ಮಾತ್ರ ಹಾಗಲ್ಲ. ಕೆಂಚಮ್ಮನಿಗೆ ಹರಕೆ ಹೊತ್ತವರು ಬ್ರಾಹ್ಮಿ ಎಂದು ಕೂಗುವುದಿಲ್ಲ. ಅವಳು ಕೆಂಚಮ್ಮ, ಹೊಸಕೋಟೆಯವಳು.

ಇವರ ಜೋಡಿಯನ್ನು ಒಲಿಂಪಸ್ ಬೆಟ್ಟದಲ್ಲಿ ಹುಡುಕಿದರೆ ಸಿಗದು. ಜರ್ಮನಿಯ ರೈನ್ ನದಿಯ ದಂಡೆಯಲ್ಲಿ, ಬಾನ್ ಮತ್ತು ಕಲೋನ್ ಸುತ್ತಮುತ್ತ, ರೋಮನ್ನರ ಕಾಲದ ನೂರಾರು ಕಲ್ಲುಗಳು ಸಿಕ್ಕಿವೆ. ಅವುಗಳ ಮೇಲೆ ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಒಟ್ಟಿಗೆ ಕೂತ ಮೂವರು ತಾಯಂದಿರು. ಮಾತ್ರೋನೆ ಎಂದು ಅವರನ್ನು ಕರೆಯುತ್ತಿದ್ದರು, ಜೊತೆಗೆ ಊರಿನದೋ ಕುಲದ್ದೋ ಹೆಸರು. ಹರಕೆ ತೀರಿಸಿದವರು ಸಿಪಾಯಿಗಳು, ರೈತರು, ಅವರ ಹೆಂಡತಿಯರು. ಅವರ ಬಗ್ಗೆ ಒಂದು ಪುರಾಣವೂ ಉಳಿದಿಲ್ಲ, ಹರಕೆಯ ಕಲ್ಲುಗಳು ಉಳಿದಿವೆ. ಪುರಾಣದ ಪುಸ್ತಕದಿಂದ ಪಟ್ಟಿ ಮಾಡುವವರಿಗೆ ಇಂಥ ದೇವತೆಗಳು ಕಣ್ಣಿಗೆ ಬೀಳದಿರುವುದು ಇದೇ ಕಾರಣಕ್ಕೆ.

ಬಾಳ್ಳುಪೇಟೆಯ ಕಡೆಯವರಿಗೆ ಕುಕ್ಕೆ ಸುಬ್ರಹ್ಮಣ್ಯವೂ ದೂರವಲ್ಲ. ಎಡಕುಮರಿಯ ಸುರಂಗಗಳನ್ನು ದಾಟುವ ರೈಲಿದೆ, ಬಿಸಿಲೆ ಘಾಟಿಯ ರಸ್ತೆಯೂ ಇದೆ. ಸುಬ್ರಹ್ಮಣ್ಯನಿಗೆ ಹಾಲೂಡಿಸಿದವರು ಆರು ಕೃತ್ತಿಕೆಯರು. ಏಳು ಋಷಿಪತ್ನಿಯರಲ್ಲಿ ಅರುಂಧತಿ ಹೊರಗುಳಿದಳು ಎಂದು ನಮ್ಮ ಕಥೆ ಆ ಲೆಕ್ಕ ಕೊಡುತ್ತದೆ. ಗ್ರೀಕರಿಗೂ ಅದೇ ನಕ್ಷತ್ರಪುಂಜ ಏಳು ಅಕ್ಕತಂಗಿಯರು, ಅಟ್ಲಾಸನ ಹೆಣ್ಣುಮಕ್ಕಳು. ಬರಿಗಣ್ಣಿಗೆ ಆರೇ ಕಾಣುವುದರಿಂದ ಒಬ್ಬಳು ನಾಚಿಕೊಂಡು ಮರೆಯಾದಳು ಎಂದು ಅವರೂ ಕಥೆ ಕಟ್ಟಿದರು. ಹೆಸಿಯಡ್ ಎಂಬ ಅವರ ರೈತಕವಿ, ನಲವತ್ತು ದಿನ ಮರೆಯಾದ ಈ ನಕ್ಷತ್ರಗಳು ಮತ್ತೆ ಮೂಡಿದಾಗ ಕೊಯ್ಲು ಎಂದು ಹೇಳಿದ. ಅದು ಹೆಚ್ಚುಕಡಿಮೆ ನಮ್ಮ ಕೃತ್ತಿಕೆ ಮಳೆಯ ಹೊತ್ತು, ಮೇ ತಿಂಗಳ ನಡುಭಾಗ. ಅವರು ಕುಡುಗೋಲು ಮಸೆಯುವಾಗ ನಮ್ಮವರು ನೇಗಿಲು ಹೊರತೆಗೆಯುತ್ತಾರೆ.

ಕುಕ್ಕೆಯ ನಿಜವಾದ ವಿಷಯ ಹಾವು. ಗರುಡನಿಗೆ ಹೆದರಿದ ವಾಸುಕಿಗೆ ಆಸರೆ ಕೊಟ್ಟ ಜಾಗ ಅದು. ಮಕ್ಕಳಾಗಲಿಲ್ಲ, ಚರ್ಮದ ಕಾಯಿಲೆ, ಕೈಗೆ ಬಂದ ದುಡ್ಡು ನಿಲ್ಲಲಿಲ್ಲ ಎಂದರೆ ಜೋಯಿಸರು ನಾಗದೋಷ ಹೇಳುತ್ತಾರೆ. ಸರ್ಪಸಂಸ್ಕಾರ, ಆಶ್ಲೇಷ ಬಲಿ ನಡೆಯುತ್ತದೆ. ಈಗ ಗ್ರೀಸಿಗೆ ಬನ್ನಿ. ಅಥೆನ್ಸಿನ ಬಂದರು ಪಿರಾಯಸ್‌ನಲ್ಲಿ ಕ್ರಿ.ಪೂ. 4ನೇ ಶತಮಾನದ ಹರಕೆಯ ಕಲ್ಲುಗಳು ಸಿಕ್ಕಿವೆ. ಕಲ್ಲಿನ ಮೇಲೆ ಸುರುಳಿ ಸುತ್ತಿ ಹೆಡೆಯೆತ್ತಿದ ದೊಡ್ಡ ಹಾವು, ಗಡ್ಡವೂ ಇದೆ. ಅಶ್ವತ್ಥಕಟ್ಟೆಯ ನಾಗರಕಲ್ಲುಗಳ ನಡುವೆ ಇಟ್ಟರೆ ಯಾರೂ ಎರಡನೇ ಸಲ ತಿರುಗಿ ನೋಡಲಿಕ್ಕಿಲ್ಲ. ಆ ಹಾವಿನ ಹೆಸರನ್ನು ಕಲ್ಲಿನ ಮೇಲೆಯೇ ಕೆತ್ತಿದ್ದಾರೆ: ಜೀಯಸ್ ಮೈಲಿಕಿಯೊಸ್. ಅದೇ ಜೀಯಸ್, ಸಿಡಿಲು ಹಿಡಿದ ದೇವರಾಜ!

ಈ ಹಾವಿನ ಜೀಯಸ್ ಏನು ಕೊಡುತ್ತಿದ್ದ ಎಂಬುದು ಕ್ಸೆನೊಫೋನ್ ಎಂಬ ದಂಡನಾಯಕನ ಆತ್ಮಕಥನದಲ್ಲಿದೆ. ದೂರದ ಯುದ್ಧ ಮುಗಿಸಿ ಬರುವಾಗ ಅವನ ಕೈಯಲ್ಲಿ ಊರಿಗೆ ಹೋಗಲೂ ದುಡ್ಡಿರಲಿಲ್ಲ. ಯೂಕ್ಲಿಡೀಸ್ ಎಂಬ ಶಕುನಗಾರ, ನಿನಗೆ ಮೈಲಿಕಿಯೊಸ್ ಅಡ್ಡ ನಿಂತಿದ್ದಾನೆ, ಮನೆಯಲ್ಲಿ ಕೊಡುತ್ತಿದ್ದ ಬಲಿ ನಿಂತುಹೋಗಿದೆಯಲ್ಲ ಎಂದ. ಮರುದಿನ ಕ್ಸೆನೊಫೋನ್ ಕುಲಪದ್ಧತಿಯಂತೆ ಹಂದಿಗಳನ್ನು ಇಡಿಯಾಗಿ ಸುಟ್ಟು ಬಲಿ ಕೊಟ್ಟ. ಅಂದೇ ದುಡ್ಡು ಬಂತು. ಆಲೂರಿನ ಯಾವ ಹಜಾರದಲ್ಲಿ ಕೂತು ಹೇಳಿದರೂ ಈ ಕಥೆಗೆ ವಿವರಣೆ ಬೇಕಾಗದು. ಮಕ್ಕಳ ಹರಕೆಯೂ ಅಲ್ಲಿ ಹಾವಿಗೇ. ಎಪಿಡೋರಸ್‌ನ ವೈದ್ಯದೇವ ಅಸ್ಕ್ಲೀಪಿಯಸ್‌ನ ಗುಡಿಯಲ್ಲಿ ಮಲಗಿದ ಅಗಮೆಡಾ ಎಂಬ ಹೆಂಗಸಿನ ಕನಸಿನಲ್ಲಿ ಹಾವು ಬಂದು ಹೊಟ್ಟೆಯ ಮೇಲೆ ಮಲಗಿತು, ಆಮೇಲೆ ಅವಳಿಗೆ ಐದು ಮಕ್ಕಳಾದವು ಎಂದು ಅಲ್ಲಿನ ಶಾಸನ ಹೇಳುತ್ತದೆ.

ಹಾಗಾದರೆ ಪಟ್ಟಿಯಲ್ಲಿ ಜೀಯಸ್‌ನ ಎದುರಿಗೆ ಯಾರನ್ನು ಬರೆಯುವುದು? ಬೆಟ್ಟದ ಮೇಲಿನ ಜೀಯಸ್‌ಗೆ ಕಿಗ್ಗದ ಋಷ್ಯಶೃಂಗ, ಪಿರಾಯಸ್‌ನ ಜೀಯಸ್‌ಗೆ ಕುಕ್ಕೆಯ ವಾಸುಕಿ. ಇಂದ್ರನಿಗೆ ಪಟ್ಟಿಯಲ್ಲೂ ಜಾಗ ತಪ್ಪಿತು.

ಪೌಸೇನಿಯಸ್ ಇಲ್ಲದಿದ್ದರೆ ಯೂರಿನೊಮಿಯ ಸರಪಳಿಯ ಸಂಗತಿ ನಮಗೆ ತಿಳಿಯುತ್ತಿರಲಿಲ್ಲ. ಅವನು ಜೀಯಸ್‌ನ ದೊಡ್ಡ ಗುಡಿಯ ಜೊತೆಗೆ, ಅಕೇಯಾದ ಫಾರೈ ಎಂಬ ಊರಿನಲ್ಲಿ ಒಂದೊಂದು ದೇವರ ಹೆಸರಿನಲ್ಲಿ ಪೂಜೆಗೊಳ್ಳುತ್ತಿದ್ದ ಮೂವತ್ತು ಕಲ್ಲುಗಳನ್ನೂ ಬರೆದಿಟ್ಟ. ಆಲೂರು, ಸಕಲೇಶಪುರದ ತೋಟದಂಚಿನ ಚೌಡಿ ಕಲ್ಲುಗಳು, ದೇವರ ಬನಗಳು, ಸುಗ್ಗಿಯ ದೇವರುಗಳು ಈಗ ವೇಗವಾಗಿ ಸಿಮೆಂಟಿನ ಗುಡಿಗಳಾಗುತ್ತಿವೆ. ಹೊಸ ಬೋರ್ಡಿನಲ್ಲಿ ಊರಮ್ಮನ ಹಳೆಯ ಹೆಸರು ಹೋಗಿ ಪಾರ್ವತಿಯ ಅವತಾರ ಎಂದು ಬರುತ್ತದೆ. ಅದೂ ಮೆಗಸ್ತನೀಸನ ಕೆಲಸವೇ, ನಮ್ಮವರೇ ಮಾಡುತ್ತಿರುವುದು. ಈ ಸಲ ಸುಗ್ಗಿಗೆ ಊರಿಗೆ ಹೋಗುವ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರ ದೇವರ ಹೆಸರು, ಬಾಗಿಲು ತೆಗೆಯುವ ದಿನ, ತೆಗೆಯುವ ಹಕ್ಕು ಯಾವ ಮನೆಯದು, ಏನು ಎಡೆ, ಏನು ನಿಷೇಧ ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಅವರು ಹೇಳಿದ ಹೆಸರನ್ನೇ ಬರೆಯಿರಿ.